ಸತ್ತವರಿಗೆ ಹಾಕಿದ ಮಣೆ

ಅಮೆಜಾನ್ ಕಾಡಿನ ಪ್ರಾಚೀನ ಅಸ್ಥಿಕುಂಭಗಳ ಮಾತು ಬಂದರೆ ಎಲ್ಲರೂ ಮೊದಲು ಹೊಗಳುವುದು ಮರಾಜೋ ದ್ವೀಪದ ಕುಂಭಗಳನ್ನು. ಆ ಹೊಗಳಿಕೆಗೆ ಕಾರಣವಿದೆ. ಅಮೆಜಾನ್ ನದಿ ಕಡಲು ಸೇರುವಲ್ಲಿರುವ, ಹೆಚ್ಚುಕಡಿಮೆ ಕೇರಳದಷ್ಟೇ ದೊಡ್ಡದಾದ ಈ ದ್ವೀಪದಲ್ಲಿ ಸುಮಾರು ಕ್ರಿ.ಶ. 400ರಿಂದ 1300ರವರೆಗೆ ಬಾಳಿದ ಜನ ನೆರೆಗೆ ಸಿಗದಂತೆ ಮಣ್ಣಿನ ದಿಬ್ಬಗಳನ್ನು ಎಬ್ಬಿಸಿ ಅವುಗಳ ಮೇಲೆ ವಾಸವಾಗಿದ್ದರು. ಸತ್ತವರನ್ನೂ ಅದೇ ದಿಬ್ಬಗಳಲ್ಲಿ ಇಟ್ಟುಕೊಂಡರು. ಕುಂಭದ ಬಿಳಿ ಲೇಪದ ಮೇಲೆ ಕೆಂಪು, ಕಪ್ಪು ಗೆರೆಗಳು. ಗೂಬೆಯಂಥ ದುಂಡುಕಣ್ಣಿನ ಮುಖ. ಮೈತುಂಬ ಸುರುಳಿ, ಹಾವು, ಚೇಳು. ಕೈಚಳಕದಲ್ಲಿ ಇವನ್ನು ಮೀರಿಸುವುದು ಕಷ್ಟ.

ಆದರೂ ಹತ್ತಿರದ ಅಮಪಾ ರಾಜ್ಯದಲ್ಲಿ, ಮರಾಕಾ ನದಿಯ ಬದಿಯ ಗುಹೆಗಳಲ್ಲಿ ಸಿಕ್ಕ ಕುಂಭಗಳೇ ನನಗೆ ಹೆಚ್ಚಿನ ಕೃತಿಗಳಾಗಿ ಕಾಣುತ್ತವೆ. ಬಣ್ಣದಲ್ಲಿ ಇವು ಮರಾಜೋದವಕ್ಕೆ ಸಾಟಿಯಲ್ಲ. ಆದರೆ ಸಾವು ಮುಂದಿಟ್ಟ ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದು ಇವೇ.

ಆ ಪ್ರಶ್ನೆ ಮಳೆಕಾಡಿನದ್ದು. ಅಲ್ಲಿನ ಬಿಸಿ, ತೇವದಲ್ಲಿ ದೇಹ ಬೇಗ ಕರಗುತ್ತದೆ. ಹುಳಿ ಮಣ್ಣು ಮೂಳೆಯನ್ನೂ ತಿನ್ನುತ್ತದೆ. ಹಾಗಾಗಿ ಅನೇಕ ಸಮುದಾಯಗಳಲ್ಲಿ ಸಂಸ್ಕಾರ ಎರಡು ಹಂತದ್ದು. ಮಾಂಸ ಕಳಚುವವರೆಗೆ ಕಾದು, ಮೂಳೆಗಳನ್ನು ಆಯ್ದು, ಕೆಲವೆಡೆ ಕೆಂಪು ಬಳಿದು, ಕುಂಭಕ್ಕೆ ಸೇರಿಸುವುದು. ಆಗ ಉಳಿದವರ ಕೈಯಲ್ಲಿರುವುದು ಆಕಾರವಿಲ್ಲದ ಮೂಳೆರಾಶಿ. ಅದು ಮತ್ತೆ ಮನುಷ್ಯನಾಗುವುದು ಹೇಗೆ?

ಮರಾಜೋದ ಕುಂಬಾರಿಕೆ ಆ ರಾಶಿಗೆ ಬೆರಗಿನ ಹೊದಿಕೆ ಕೊಟ್ಟಿತು. ಮರಾಕಾದವರು ಸತ್ತವರನ್ನು ಮಣೆ ಹಾಕಿ ಕೂರಿಸಿದರು. ನಾಲ್ಕು ಕಾಲಿನ ಪುಟ್ಟ ಪೀಠ, ಕೆಲವಕ್ಕೆ ಪ್ರಾಣಿಯ ತಲೆ, ಬಾಲ. ಅದರ ಮೇಲೆ ಕೊಳವೆಯಂತೆ ನೆಟ್ಟಗಿರುವ ಮುಂಡ, ಅದೇ ಕುಂಭ. ಕೈಗಳು ಮೊಣಕಾಲ ಮೇಲೆ, ಮೊಣಕೈಗಳು ಸಹಜವಲ್ಲದ ರೀತಿಯಲ್ಲಿ ಹೊರಕ್ಕೆ ತಿರುಗಿವೆ. ಮುಚ್ಚಳವೇ ತಲೆ. ಒಳಗೆ ಒಬ್ಬರದೇ ಮೂಳೆಗಳು, ಅವೂ ಸುಮ್ಮನೆ ಸುರಿದವಲ್ಲ: ತಳದಲ್ಲಿ ಸೊಂಟದ ಮೂಳೆ, ಗೋಡೆಗೆ ಒರಗಿಸಿದಂತೆ ಕೈಕಾಲಿನ ಉದ್ದ ಮೂಳೆಗಳು, ಎಲ್ಲಕ್ಕೂ ಮೇಲೆ ತಲೆಬುರುಡೆ. ಹೊರಗೆ ಮಣ್ಣಿನ ಮುಖವಿರುವಲ್ಲೇ ಒಳಗೆ ಬುರುಡೆಯೂ ಇದೆ. ಮಣ್ಣು ಕಲಸಿದವರೂ ಮೂಳೆ ಜೋಡಿಸಿದವರೂ ಒಂದೇ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದ್ದಾರೆ. ಅಮೆಜಾನ್ ಸಮಾಜಗಳಲ್ಲಿ ಇಂಥ ಪೀಠ ಮುಖಂಡರಿಗೂ ಮಂತ್ರವೈದ್ಯರಿಗೂ ಸಲ್ಲುವ ಗೌರವ ಎಂಬುದನ್ನು ನೆನೆದರೆ ಈ ಕೂರಿಸುವಿಕೆಯ ತೂಕ ತಿಳಿಯುತ್ತದೆ.

ಕೊರತೆಯೂ ಇದೆ. ಮುಖಗಳು ಒಂದೇ ಅಚ್ಚಿನವು ಎನಿಸುವಷ್ಟು ಹೋಲುತ್ತವೆ. ಹೆಣ್ಣು, ಗಂಡು ಎಂದು ಗುರುತಿಸಬಹುದು. ಇಂಥವರೇ ಎಂದು ಗುರುತಿಸಲಾಗದು. ಅಗಲಿದವರ ಚಹರೆಗಿಂತ ಅವರಿಗೆ ಸಿಕ್ಕ ಸ್ಥಾನ ಮುಖ್ಯವಾಗಿದೆ. ಇದನ್ನು ನಾನು ಸೋಲೆನ್ನಲಾರೆ, ಆದರೆ ಇದು ಬೆಲೆ ತೆತ್ತು ಪಡೆದ ಸಿದ್ಧಿ.

ಇಂಥ ಕಲೆ ಕಾಡಿನಲ್ಲಿ ಹುಟ್ಟಲಾರದು ಎಂಬ ವಾದ ಬಹುಕಾಲ ನಡೆಯಿತು. 1948–49ರಲ್ಲಿ ಮರಾಜೋದಲ್ಲಿ ಉತ್ಖನನ ಮಾಡಿದ ಬೆಟ್ಟಿ ಮೆಗರ್ಸ್ ಮತ್ತು ಕ್ಲಿಫರ್ಡ್ ಇವಾನ್ಸ್, ಈ ಸಂಸ್ಕೃತಿ ಹೊರಗಿನಿಂದ ಬಂದು ಬಡ ಪರಿಸರದಲ್ಲಿ ಸೊರಗಿತು ಎಂದರು. ಪುರಾತತ್ತ್ವಜ್ಞೆ ಆನಾ ರೂಸ್‌ವೆಲ್ಟ್ 1991ರ ಪುಸ್ತಕದಲ್ಲಿ ಅದನ್ನು ಅಲ್ಲಗಳೆದು, ಅಲ್ಲೇ ಬೆಳೆದ ದೊಡ್ಡ ಸಮಾಜವೊಂದನ್ನು ತೋರಿಸಿಕೊಟ್ಟರು. ನಾನು ರೂಸ್‌ವೆಲ್ಟ್ ಕಡೆಗೇ. ಮೂಳೆ ಉಳಿಯದ ನೆಲವೇ ಮೂಳೆ ಉಳಿಸುವ ಕಲೆಯನ್ನು ಕಲಿಸಿರಬೇಕು ಎಂದು ನನಗನ್ನಿಸುತ್ತದೆ.

ಬೆಲೆಂ ನಗರದ ಇಕೊವರಾಸಿಯ ಕುಂಬಾರರು ಇಂದಿಗೂ ಮರಾಜೋ ಚಿತ್ತಾರದ ಹೂದಾನಿ, ತಟ್ಟೆ ಮಾಡುತ್ತಾರೆ. ಕಸುಬು ಬದುಕಿರುವುದು ಸಂತೋಷವೇ. ಆ ಚಿತ್ತಾರ ಸಾವಿನಿಂದ ಬೇರ್ಪಟ್ಟೂ ಚೆನ್ನಾಗಿಯೇ ಬಾಳುತ್ತದೆ. ಮರಾಕಾ ಕುಂಭ ಹಾಗಲ್ಲ. ಒಳಗಿನ ಮೂಳೆ ತೆಗೆದರೆ ಅದರ ಅರ್ಧ ಹೋದಂತೆ. ಹಾಗಾಗಿ ಒಂದನ್ನು ಆರಿಸಿ ಗಾಜಿನ ಪೆಟ್ಟಿಗೆಯಲ್ಲಿ ಶಿಲ್ಪದಂತೆ ನಿಲ್ಲಿಸುವುದು ನನಗೆ ಒಪ್ಪಿತವಲ್ಲ. ಗುಹೆಯಲ್ಲಿ ಇವನ್ನು ಹೂತಿರಲಿಲ್ಲ, ನೆಲದ ಮೇಲೆ ಗುಂಪುಗುಂಪಾಗಿ ಇಟ್ಟಿದ್ದರು; ಒಳಗೆ ಹೋದವರು ಹಿರಿಯರ ಸಭೆಗೇ ಹೋದಂತೆ. ಪ್ರದರ್ಶನದಲ್ಲೂ ಅವನ್ನು ಗುಂಪಾಗಿ, ನೆಲಕ್ಕೆ ಹತ್ತಿರವಾಗಿ, ಮೂಳೆ ಜೋಡಣೆಯ ನಕ್ಷೆಯೊಂದಿಗೇ ಇಡಬೇಕು.