ವರ್ಣಗಳ ಪಾರದರ್ಶಕತ್ವ ವಿಚಾರ

ಚಿತ್ರವಿಮರ್ಶಕರಲ್ಲಿ ಕೆಲವರು ಪಾರದರ್ಶಕವರ್ಣವೇ ಉತ್ತಮವೆಂದೂ ಅಪಾರದರ್ಶಕವು ಅಧಮವೆಂದೂ ತೀರ್ಪು ಕೊಡುವುದುಂಟು. ಈ ಭೇದವು ವರ್ಣದ್ರವ್ಯವೊಂದರಿಂದಲೇ ಹುಟ್ಟತಕ್ಕುದಲ್ಲ. ಸೀಮೆಸುಣ್ಣದ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ ಬಳಿದರೆ, ಒಣಗಿದ ಮೇಲೆ ಅದು ಬೆಳ್ಳಗಾಗಿ ಹಲಗೆಯನ್ನು ಮರೆಮಾಡುವುದು. ಅದನ್ನೇ ಅಗಸೆಯೆಣ್ಣೆಯಲ್ಲಿ ಅರೆದರೆ ಮಂಕಾಗಿ, ಒಳಗಿನದನ್ನು ತೋರಗೊಡುವುದು. ಸುಣ್ಣದ ವಕ್ರೀಭವನಾಂಕ ಸುಮಾರು 1.6, ಎಣ್ಣೆಯದು 1.48, ಅಂತರವು ಅಲ್ಪವಾದುದರಿಂದ ಬೆಳಕು ಹೆಚ್ಚು ಚದರದೆ ಒಳಹೊಗುವುದು. ಗೋಂದಿನ ಲೇಪದಲ್ಲಾದರೋ ನೀರು ಆರಿದ ಎಡೆಗಳಲ್ಲಿ ಗಾಳಿ ನಿಂತು, ಬೆಳಕು ಚದರಿ ಹಿಂದಿರುಗುವುದು. ಸೀಸದ ಬಿಳುಪಿನ ಅಂಕ ಸುಮಾರು 2. ಅದು ಎಣ್ಣೆಯಲ್ಲಿಯೂ ಮರೆಮಾಡುವುದು.

ಕೆ. ವೆಂಕಟಪ್ಪನವರ (1886-1965) ಉದಕಮಂಡಲದ ಜಲವರ್ಣದೃಶ್ಯಗಳಲ್ಲಿ ಮಂಜು ಬೆಳಗುವುದು, ತೆಳುಬಣ್ಣವನ್ನು ದಾಟಿದ ಬೆಳಕು ಕಾಗದವನ್ನು ಮುಟ್ಟಿ ಮರಳಿಬರುವುದರಿಂದ. ಅಲ್ಲಿ ದಪ್ಪನಾದ ಬಿಳುಪನ್ನು ಮೆತ್ತಿದ್ದರೆ ಮಂಜು ಸುಣ್ಣದ ಗೋಡೆಯಾಗುತ್ತಿದ್ದಿತು. ಆದರೆ ಮೈಸೂರಿನ ಸಾಂಪ್ರದಾಯಿಕ ಪಟಗಳಲ್ಲಿ ದೇವಿಯ ಆಭರಣಕ್ಕೆ ಸಫೇದ, ಮಕ್ಕಿಗಳ ಉಬ್ಬುಲೇಪವನ್ನಿಟ್ಟು ಚಿನ್ನದ ರೇಕು ಹಚ್ಚುವರು. ಬೆಳಕು ಆ ಮೈಯಿಂದಲೇ ಚಿಮ್ಮಬೇಕು; ಒಳಹೊಕ್ಕರೆ ಆಭರಣವೇ ಇಲ್ಲ. ಮಕ್ಕಿಯೋ ತಾನಾಗಿ ಪಾರದರ್ಶಕವಾದ ಹಳದಿ. ಸಫೇದದೊಡನೆ ಬೆರೆತು ಅದು ಗುಣಾಂತರ ಹೊಂದುವುದನ್ನು ಈ ವಿಮರ್ಶಕರು ನೋಡಿದಂತಿಲ್ಲ.