ಪಂಚಾಯಿತಿ ಕಪಾಟಿನಲ್ಲಿ ಉಳಿಯುವ ವರದಿ

ಬೆಳೆಯುವ ಹೊಲವನ್ನು ಕಾಗದದ ಮೇಲೆ ಬರಡು ಮಾಡಲು ಒಂದು ಪದ ಸಾಕು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಹಾಗೇ ಆಯಿತು. 4,000 ಮೆಗಾವ್ಯಾಟ್ ಕನಸಿನ ಮೊದಲ ಹಂತವಾಗಿ ಅಲ್ಲಿ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಕಟ್ಟಲು ಎನ್‌ಟಿಪಿಸಿಗೆ 2012ರ ಜನವರಿಯಲ್ಲಿ ಪರಿಸರ ಅನುಮತಿ ದೊರೆಯಿತು. ಯೋಜನೆಯ ಕಡತದಲ್ಲಿ ಆ ನೆಲ ಬಹುಪಾಲು ಬಂಜರು, ಕಲ್ಲುನೆಲ. ರೈತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಭೂಮಿಯ ಕುರಿತ ಮಾಹಿತಿ ಸರಿಯಿಲ್ಲವೆಂದು ಕಂಡ ಮಂಡಳಿ, 2014ರ ಮಾರ್ಚ್ 13ರಂದು ಅನುಮತಿಯನ್ನು ತಡೆಹಿಡಿದು ತಜ್ಞರ ಸಮಿತಿ ಮತ್ತೆ ಪರಿಶೀಲಿಸಲಿ ಎಂದಿತು. ಅದೇ ವರ್ಷ ಜುಲೈ 5ರಂದು ಕೂಡಗಿಯಲ್ಲಿ ಪ್ರತಿಭಟಿಸುತ್ತಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ಥಾವರ ಮಾತ್ರ ಎದ್ದು ನಿಂತಿತು. 2018ರ ಹೊತ್ತಿಗೆ ಮೂರೂ ಘಟಕಗಳು ನಡೆಯುತ್ತಿದ್ದವು.

ಇಷ್ಟಾಗುವವರೆಗೆ ಊರಿನ ಪಂಚಾಯಿತಿಯನ್ನು ಯಾರು ಏನು ಕೇಳಿದರು? ನನ್ನ ತಕರಾರು ಇರುವುದು ಇಲ್ಲಿ. ಯಾವ ಸರ್ವೆ ನಂಬರಿನಲ್ಲಿ ಜೋಳ, ಯಾವುದರಲ್ಲಿ ಕಡಲೆ, ಯಾವ ಹೊಲಕ್ಕೆ ಎರಡು ಪೀಕು ಎಂಬುದು ಪಂಚಾಯಿತಿ ಕಟ್ಟೆಯ ಮೇಲೆ ಕೂತವರಿಗೆ ಬಾಯಿಪಾಠ. ಸಂಶಯವಿದ್ದರೆ ಪಹಣಿ ಉತಾರ ತೆಗೆಸಿ ನೋಡಬಹುದಿತ್ತು. ಆದರೆ ನಮ್ಮ ಕಾನೂನು ಪಂಚಾಯಿತಿಗೆ ಕೊಟ್ಟಿರುವ ಕೆಲಸವೇ ಬೇರೆ.

2006ರ ಪರಿಸರ ಪರಿಣಾಮ ಅಧಿಸೂಚನೆ ಮತ್ತು ಅದರ ಮುಂದಿನ ತಿದ್ದುಪಡಿಯನ್ನು ಸಾವಧಾನವಾಗಿ ಓದಬೇಕು. ಸಾರ್ವಜನಿಕ ಅಹವಾಲು ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಪೀಠದ ಮೇಲೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ. ಪಂಚಾಯಿತಿಯ ಪಾಲಿಗೆ ಬರುವುದು ಕರಡು ವರದಿಯ ಪ್ರತಿ ಇಟ್ಟುಕೊಳ್ಳುವುದು, ಜನರಿಗೆ ತಿಳಿಸುವುದು, ಸಭೆ ಮುಗಿದ ಮೇಲೆ ನಡಾವಳಿಯನ್ನು ಗೋಡೆಗೆ ಹಚ್ಚುವುದು. ಠರಾವು ಮಾಡಿ ಬೇಡವೆಂದರೂ ಅದು ಹತ್ತಾರು ಅರ್ಜಿಗಳಲ್ಲಿ ಒಂದು ಅರ್ಜಿ. ಇನ್ನೊಂದು ಸಾಲು ನನ್ನನ್ನು ಬಹಳ ನೋಯಿಸಿತು: ಅಹವಾಲು ಸಭೆ ಶುರುವಾಗಲು ಕೋರಂ ಬೇಕಿಲ್ಲ. ಆಶ್ರಯ ಮನೆಯ ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆಗೆ ಕೋರಂ ಬೇಕು. ಊರಿನ ನೆಲ, ನೀರು, ಗಾಳಿ ಬದಲಾಗುವ ಸಭೆಗೆ ಬೇಡ. 1993ರ ಪಂಚಾಯತ್ ರಾಜ್ ಕಾಯ್ದೆ ಊರಲ್ಲಿ ಕಾರ್ಖಾನೆ ಕಟ್ಟಲು, ಯಂತ್ರ ಕೂಡಿಸಲು ಪಂಚಾಯಿತಿಯ ಅನುಮತಿ ಕೇಳುತ್ತದೆ. ಹಿಟ್ಟಿನ ಗಿರಣಿ ಹಾಕುವವನು ಅರ್ಜಿ ಹಿಡಿದು ಬರುವ ಅದೇ ಕಚೇರಿಗೆ ಉಷ್ಣಸ್ಥಾವರದ ವಿಷಯದಲ್ಲಿ ನಿರ್ಣಯದ ಮಾತೇ ಇಲ್ಲದಿರುವುದು ಅನ್ಯಾಯ.

ನಮ್ಮ ಕಾಖಂಡಕಿಯಲ್ಲಿ ನಿಂತು ನೋಡಿದರೆ ಇನ್ನೊಂದು ಕೊರತೆ ಕಾಣುತ್ತದೆ. ಮಹಿಪತಿದಾಸರ ಊರು ಇದು, ಬಬಲೇಶ್ವರ ತಾಲ್ಲೂಕು. ತಿಕೋಟಾದವರೆಗೂ ದ್ರಾಕ್ಷಿ ಪಡದ ಸೀಮೆ. ಪರಿಣಾಮ ವರದಿಗಳು ಸಾಮಾನ್ಯವಾಗಿ ಸ್ಥಾವರದ ಸುತ್ತ 10 ಕಿಲೋಮೀಟರ್ ವೃತ್ತ ಎಳೆದು ಅದರೊಳಗೆ ಅಧ್ಯಯನ ಮಾಡುತ್ತವೆ. ನಾವು ಆ ಗೆರೆಯಿಂದ ಬಹಳ ಆಚೆ. ಆದರೆ ನೀರಿಗೆ ಗೆರೆ ತಿಳಿಯದು. ಕೂಡಗಿ ಕುಡಿಯುವುದು ಆಲಮಟ್ಟಿಯ ಕೃಷ್ಣೆಯನ್ನು. ನಮ್ಮ ಭಾಗದ ಹೊಲಗಳು ದಶಕಗಳ ಕಾಲ ದಾರಿ ಕಾದ ಮುಳವಾಡ ಏತ ನೀರಾವರಿಯ ನೀರೂ ಅಲ್ಲಿಯದೇ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೊದಲು ಯಾರ ಮೋಟರು ನಿಲ್ಲಬೇಕು? ಈ ಪ್ರಶ್ನೆಯನ್ನು ನದಿ ಹಂಚಿಕೊಂಡ ಎಲ್ಲ ಪಂಚಾಯಿತಿಗಳ ಮುಂದೆ ಇಡಬೇಕಿತ್ತು. ಸ್ಥಾವರದ ಹಾರುಬೂದಿಗೂ ಗೆರೆ ತಿಳಿಯದು. ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಗಾಳಿಗೆ ಬಿಟ್ಟು ಒಣಗಿಸುವ ರೈತನಿಗೆ ಗಾಳಿ ಶುದ್ಧವಾಗಿರುವುದೆಂದರೆ ಮಾಲಿನ ದರ.

ವಿದ್ಯುತ್ ಬೇಡವೆನ್ನಲು ನನ್ನ ಬಾಯಿ ಏಳದು. ಬೋರಿನ ನೀರು ಮೇಲೆ ಬಾರದೆ ಇಲ್ಲಿ ಒಂದು ಬಳ್ಳಿಯೂ ಬದುಕದು, ರಾತ್ರಿ ಪಾಳಿಯ ಕರೆಂಟಿಗಾಗಿ ಹೊಲದಲ್ಲಿ ಮಲಗುವವರ ಕಷ್ಟ ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಊರು ಕೇಳುವ ಪ್ರಶ್ನೆಗಳನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಎಚ್.ಡಿ. ಕೋಟೆಯ ಚಾಮಲಾಪುರದ ಕಲ್ಲಿದ್ದಲು ಸ್ಥಾವರವನ್ನು ಸರ್ಕಾರ ಜನರ ವಿರೋಧದ ನಂತರ ಕೈಬಿಟ್ಟಿತು. ಅಲ್ಲಿಯೂ ಊರಿನ ಮಾತು ನಡೆದದ್ದು ಚಳವಳಿಯಿಂದ. ಮಾತು ನಡೆಸಲು ಪ್ರತಿ ಊರೂ ಬೀದಿಗಿಳಿಯಬೇಕೆಂದರೆ ಗುಂಡಿಗೆ ಎದೆ ಕೊಡುವವರು ರೈತರೇ.

ಕೂಡಗಿಯ ಮೂಲ ಯೋಜನೆಯಲ್ಲಿ ಇನ್ನೂ 1,600 ಮೆಗಾವ್ಯಾಟ್ ಬಾಕಿಯಿದೆ. ಅದಕ್ಕೆ ಅಹವಾಲು ಸಭೆ ಕರೆಯುವ ದಿನ ಬಂದರೆ, ವರದಿಯ ಭೂಮಿಯ ಪುಟಕ್ಕೆ ಆಯಾ ಗ್ರಾಮಸಭೆಯ ಠರಾವು ಮತ್ತು ಉತಾರಗಳು ಲಗತ್ತಾಗಿರಬೇಕು. ಠರಾವಿನ ಒಂದೊಂದು ಆಕ್ಷೇಪಕ್ಕೂ ತಜ್ಞರ ಸಮಿತಿ ಕನ್ನಡದಲ್ಲಿ ಲಿಖಿತ ಉತ್ತರ ಕೊಡಬೇಕು. ನೀರಿನ ಪುಟ ಓದುವಾಗ ಮುಳವಾಡದ ಕಾಲುವೆಯ ಕೊನೆಯ ಊರಿನ ಪಂಚಾಯಿತಿ ಅಧ್ಯಕ್ಷರಿಗೂ ಆ ಸಭೆಯಲ್ಲಿ ಕುರ್ಚಿ ಇರಬೇಕು.