ಮೋಡ ಬಿತ್ತನೆ: ಪ್ರಯೋಗಕ್ಕೆ ಸರಿ, ನೀರಿನ ಲೆಕ್ಕಕ್ಕೆ ಅಲ್ಲ

ಮುಂಗಾರು ಕೈಕೊಟ್ಟರೆ ಸಾಕು, ಮೋಡ ಬಿತ್ತನೆಯ ಮಾತು ಮತ್ತೆ ಏಳುತ್ತದೆ. ಕರ್ನಾಟಕ 2003ರಲ್ಲಿ ‘ವರುಣ’ ನೋಡಿತು, 2017ರಲ್ಲಿ ‘ವರ್ಷಧಾರಿ’ ನೋಡಿತು. ಬಿತ್ತಿದ್ದರಿಂದಲೇ ಎಷ್ಟು ನೀರು ಹೆಚ್ಚಿತು ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ತಂತ್ರದಲ್ಲಿ ಮಾಯಮಂತ್ರವೇನಿಲ್ಲ. ಮೋಡದೊಳಗಿನ ಹನಿಗಳು ತೀರಾ ಸಣ್ಣವು. ಒಂದಕ್ಕೊಂದು ಕೂಡಿ ತೂಕ ಬಂದರಷ್ಟೇ ನೆಲಕ್ಕಿಳಿಯುತ್ತವೆ. ವಿಮಾನದ ರೆಕ್ಕೆಗೆ ಕಟ್ಟಿದ ಫ್ಲೇರ್‌ಗಳು ಮೋಡದ ತಳದಲ್ಲಿ ಉರಿದು ಕ್ಯಾಲ್ಸಿಯಂ ಕ್ಲೋರೈಡ್ ಕಣಗಳನ್ನು ಬಿಡುತ್ತವೆ. ಅವು ತೇವ ಹೀರಿ ದಪ್ಪ ಹನಿಗಳಾಗುತ್ತವೆ. ಎತ್ತರದ, ಶೂನ್ಯಕ್ಕಿಂತ ತಣ್ಣಗಿನ ಮೋಡಕ್ಕಾದರೆ ಸಿಲ್ವರ್ ಅಯೊಡೈಡ್. ಎರಡಕ್ಕೂ ಷರತ್ತು ಒಂದೇ: ನೀರು ತುಂಬಿ ಮೇಲೇರುತ್ತಿರುವ ಮೋಡ ಮೊದಲೇ ಇರಬೇಕು. ಬರಗಾಲದಲ್ಲಿ ಸಿಗದಿರುವುದೇ ಅದು.

ವರ್ಷಧಾರಿಯ ವಿಮಾನ ಜಕ್ಕೂರಿನಿಂದ ಹಾರಿದ್ದು 2017ರ ಆಗಸ್ಟ್ ಉತ್ತರಾರ್ಧದಲ್ಲಿ. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, ಸ್ವಾತಂತ್ರ್ಯ ದಿನದ ಹೊತ್ತಿಗೆ, ಮಳೆ ಧಾರಾಕಾರ ಸುರಿದಿತ್ತು. ಸಿಕ್ಕ ಒಳ್ಳೆಯ ಮೋಡಕ್ಕೆಲ್ಲ ಬಿತ್ತುತ್ತಾ ಹೋದರೆ, ಅದು ತನ್ನಷ್ಟಕ್ಕೇ ಎಷ್ಟು ಸುರಿಯುತ್ತಿತ್ತು ಎಂದು ಹೇಳುವವರು ಯಾರು?

ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡದ್ದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ). ಮಳೆನೆರಳಿನ ಸೊಲ್ಲಾಪುರದಲ್ಲಿ 276 ಮೋಡಗಳನ್ನು ಆರಿಸಿ, ಯಾವುದಕ್ಕೆ ಬಿತ್ತುವುದು, ಯಾವುದನ್ನು ಬಿಡುವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಸುಮಾರು 100 ಚದರ ಕಿ.ಮೀ.ನಲ್ಲಿ ಮಳೆ ಶೇ 18ರಷ್ಟು ಹೆಚ್ಚಿತ್ತು. ಪ್ರಾಮಾಣಿಕ ಫಲಿತಾಂಶವೇ ಸರಿ. ಆದರೆ ಆ ಹೆಚ್ಚುವರಿ ನೀರು ಸುಮಾರು 87 ಕೋಟಿ ಲೀಟರ್, ಅಂದರೆ 0.03 ಟಿಎಂಸಿ ಮಾತ್ರ. ಕೆಆರ್‌ಎಸ್ ಜಲಾಶಯ ಹಿಡಿಯುವುದು 49 ಟಿಎಂಸಿಗೂ ಹೆಚ್ಚು. ಅದೂ ಈ 87 ಕೋಟಿ ಲೀಟರ್ ಬಯಲಿನ ಮೇಲೆ ಹರಡಿ ಬಿದ್ದ ನೀರು, ಕೆರೆಗೆ ಸೇರಿದ್ದಲ್ಲ.

ಇಸ್ರೇಲ್‌ನ ಅನುಭವ ಇನ್ನೂ ಖಡಕ್ಕಾಗಿದೆ. ಅರವತ್ತರ ದಶಕದ ಪ್ರಯೋಗದ ಯಶಸ್ಸನ್ನು ನಂಬಿ ಆ ದೇಶ ದಶಕಗಟ್ಟಲೆ ಬಿತ್ತಿತು. 2013ರಿಂದ 2020ರವರೆಗೆ ಹೊಸದಾಗಿ ಪರೀಕ್ಷೆಗೊಡ್ಡಿದಾಗ ಕಂಡ ಹೆಚ್ಚಳ ಶೇ 1.8, ಅದೂ ಕಾಕತಾಳೀಯವಿರಬಹುದಾದಷ್ಟು ಅಲ್ಪ. ಬಿತ್ತನೆ ನಿಂತಿತು.

ಆದ್ದರಿಂದ ಮೋಡ ಬಿತ್ತನೆ ಸಂಶೋಧನೆಯಾಗಿ ಮುಂದುವರಿಯಲಿ, ಅದಕ್ಕೆ ಹಣವೂ ಸಿಗಲಿ. ಕುಡಿಯುವ ನೀರಿನ ಯೋಜನೆಯೆಂದು ಅದನ್ನು ಜನರ ಮುಂದಿಡುವುದು ತಪ್ಪು. ಮುಂದಿನ ಬರಕ್ಕೆ ಟೆಂಡರ್ ಕರೆಯುವುದಾದರೆ, ಬಿತ್ತದೆ ಬಿಟ್ಟ ಮೋಡಗಳ ಲೆಕ್ಕವನ್ನೂ ಸರ್ಕಾರ ಕಡ್ಡಾಯ ಮಾಡಲಿ. ಆ ಲೆಕ್ಕ ಕೊಡಲಾಗದ ಯೋಜನೆಯ ಹಣ ಕೆರೆಗಳ ಹೂಳೆತ್ತುವುದಕ್ಕೆ ಹೋಗಲಿ.